ಸಾವಂತ ಕಾಕಾನ ಸೆಟ್ಟು ಮಾತಾಡಿದ ಮಳೆಗಾಲ

ವಡಾಲ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿಯ ಒಂದು ಗೂಡಂಗಡಿ ಇದೆ. ಮೊನ್ನೆ ಅದರ ಮುಂದೆ ಹಾಯುವಾಗ ರಾಳ ಕಾದ ವಾಸನೆ ಮೂಗಿಗೆ ಬಡಿಯಿತು. ತಂತಿಗೆ ಬೆಸುಗೆ ಹಾಕುವಾಗ ಬರುವ ವಾಸನೆ ಅದು. ಅರ್ಧ ಲೋಬಾನ, ಅರ್ಧ ಸುಟ್ಟ ತಗಡು. ನನ್ನ ವಾರಗೆಯ ಹೆಂಗಸರಿಗೆ ಮಲ್ಲಿಗೆಯ ದಂಡೆ ಕಂಡರೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಈ ಹೊಗೆಯೇ ಸಾಕು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು ತಲೆ ಎತ್ತಿ, "ಮೌಶಿ, ಕ್ಯಾ ಬಿಗಡಾ ಹೈ?" ಎಂದು ಕೇಳಿದ.

"ಏನೂ ಕೆಟ್ಟಿಲ್ಲೋ ತಮ್ಮಾ, ಎಲ್ಲಾ ಚಲೋ ಅದ" ಎಂದು ಕನ್ನಡದಲ್ಲೇ ಹೇಳಿ ಮುಂದೆ ನಡೆದೆ. ಅವನಿಗೆ ತಿಳಿಯಿತೋ ಬಿಟ್ಟಿತೋ. ಸಂತೋಷ ತುಂಬಿದಾಗ ನನಗೆ ಹಿಂದಿ ಬಾಯಿಗೆ ಬರುವುದೇ ಇಲ್ಲ.

ನನ್ನ ಮೊಮ್ಮಗಳು ರೇಣುಕಾ ಈಗ ಪರೇಲಿನ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದಾಳೆ. ಈ ಒಂದು ಸಾಲು ಬರೆಯುವಾಗ ನನ್ನ ಅಕ್ಷರ ತಾನಾಗಿಯೇ ದಪ್ಪವಾಗುತ್ತದೆ, ಏನು ಮಾಡಲಿ! ನಾನು ಕಲಿತದ್ದು ವಿಜಯಪುರದ ಕಡೆಯ ಹಳ್ಳಿಯಲ್ಲಿ, ಮೂರನೆಯ ತರಗತಿ. ಆಮೇಲೆ ಮುಂಬಯಿಗೆ ಬಂದು ಕಲ್ಲು ಹೊತ್ತೆ, ಮಣ್ಣು ಹೊತ್ತೆ, ಮೊಣಕಾಲು ಸೋತ ಮೇಲೆ ಜೋಳದ ರೊಟ್ಟಿ ಬಡಿದೆ. ನನ್ನಂಥವಳ ಮನೆಯ ಹುಡುಗಿ ಯಂತ್ರದ ಹೊಟ್ಟೆ ಬಗೆದು ನೋಡುತ್ತಾಳೆ ಎಂದರೆ, ಅದರ ಹಿಂದೆ ಒಂದು ಮಳೆಗಾಲವಿದೆ. ಆ ಮಳೆಗಾಲವನ್ನು ಬರೆದಿಡುತ್ತೇನೆ.

ಆಗ ನಾವು ಪರೇಲಿನ ಒಂದು ಹಳೆಯ ಚಾಳಿನಲ್ಲಿದ್ದೆವು. ಮೂರನೆಯ ಮಾಳಿಗೆ, ಕಟ್ಟಿಗೆಯ ನೆಲ, ಒಂದೊಂದು ಸಂಸಾರಕ್ಕೆ ಒಂದೊಂದು ಖೋಲಿ. ಒಬ್ಬರ ಮನೆಯಲ್ಲಿ ಮಗು ಕುಣಿದರೆ ಇನ್ನೊಬ್ಬರ ಮನೆಯ ತಟ್ಟೆ ಗಿಲಗಿಲ ಎನ್ನುತ್ತಿತ್ತು. ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಮಂದಿಗೆ ನಾನೂ, ರೇಣುವಿನ ತಾಯಿಯಾದ ಸೊಸೆ ಮಹಾದೇವಿಯೂ ರೊಟ್ಟಿ ಮಾಡಿ ಕೊಡುತ್ತಿದ್ದೆವು. ಬೆಳಕು ಹರಿಯುವ ಹೊತ್ತಿಗೆ ಶುರುವಾದರೆ ನಮ್ಮ ಹಲಗೆಯ ಪಟಪಟ ಸದ್ದು ಇಡೀ ಮಾಳಿಗೆಗೆ ಗಡಿಯಾರ ಇದ್ದ ಹಾಗೆ.

ಪಕ್ಕದ ಖೋಲಿಯಲ್ಲಿ ಸಾವಂತ ಕಾಕಾ. ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದವರು. ಹೆಂಡತಿ ತೀರಿಹೋಗಿ ಕೆಲವು ವರ್ಷ ಆಗಿತ್ತು. ಮಗ ಪವಾಯಿಯಲ್ಲಿ, ಕೆರೆಯ ದಂಡೆಯ ಎತ್ತರದ ಬಿಲ್ಡಿಂಗಿನಲ್ಲಿ. ಕಾಕಾ ನನ್ನನ್ನು "ವಹಿನಿ" ಎನ್ನುತ್ತಿದ್ದರು, ಎಂದರೆ ಅತ್ತಿಗೆ. ಅವರು ಮಾತಾಡುತ್ತಿದ್ದುದು ಮರಾಠಿ. ಬರೆಯುವವಳು ನಾನಾದ್ದರಿಂದ ಇಲ್ಲಿ ಅವರೂ ಕನ್ನಡ ಮಾತಾಡುತ್ತಾರೆ.

ಅವರ ಖೋಲಿಯ ಅರ್ಧ ಜಾಗವನ್ನು ಒಂದು ಸೆಟ್ಟು ತಿಂದಿತ್ತು. ತಿಜೋರಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಒಳಗೆ ಸಾಲಾಗಿ ಗಾಜಿನ ವಾಲ್ವುಗಳು, ಮುಂದೆ ಮುಳ್ಳು ಕುಣಿಯುವ ಮೀಟರುಗಳು. ಅದು ರೇಡಿಯೋ, ಆದರೆ ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಸರಕಾರದ ಪರವಾನಗಿ ಪಡೆದು, ಹರೆಯದಲ್ಲಿ ಚೋರ್ ಬಜಾರಿನ ಸಾಮಾನು ಕೂಡಿಸಿ ಅವರೇ ಕಟ್ಟಿದ್ದು. ಭಾನುವಾರ ಬೆಳಿಗ್ಗೆ ಪುಣೆಯವರೊಬ್ಬರು, ಕೊಲ್ಹಾಪುರದವರೊಬ್ಬರು, ಗದಗದವರೊಬ್ಬರು, ಹೀಗೆ ಒಂದಷ್ಟು ಗೆಳೆಯರು ಗಾಳಿಯಲ್ಲೇ ಕೂಡಿ ಹರಟುತ್ತಿದ್ದರು.

"ಈಗ ಫೋನ್ ಅದಾವಲ್ರಿ ಕಾಕಾ, ಇದ್ಯಾಕ?" ಎಂದು ನಾನೊಮ್ಮೆ ಕೇಳಿದ್ದೆ.

"ಫೋನು ಒಬ್ಬನಿಗೆ ತಟ್ಟೆ ಹಾಕಿದ ಹಾಗೆ, ವಹಿನಿ. ಇದು ಪಂಕ್ತಿಯ ಊಟ" ಎಂದಿದ್ದರು.

ಹೆಂಡತಿ ಹೋದ ಮೇಲೆ ಕಾಕಾ ಸೆಟ್ಟಿನ ಮೇಲೆ ಹಳೆಯ ಸೀರೆ ಹೊದಿಸಿ ಬಿಟ್ಟಿದ್ದರು. ಆ ವರ್ಷ ಜೂನಿನ ಮೊದಲ ಮಳೆಯ ಹೊತ್ತಿಗೆ ಚಾಳಿನ ಕಮಿಟಿಯವರು ಬಂದು, ಗಣಪತಿ ಹಬ್ಬ ಮುಗಿಯುತ್ತಲೇ ಖೋಲಿ ಖಾಲಿ ಮಾಡಬೇಕು, ಕೆಡವಿ ಹೊಸ ಬಿಲ್ಡಿಂಗ್ ಕಟ್ಟುತ್ತಾರೆ ಎಂದರು. ಕಾಕಾ ಪವಾಯಿಯ ಮಗನ ಮನೆಗೆ ಹೋಗುವುದು, ನಾವು ವಡಾಲದ ಬಾಡಿಗೆ ಖೋಲಿಗೆ ಎಂದು ಗೊತ್ತಾಯಿತು. ಪವಾಯಿಯ ಆ ಬಿಲ್ಡಿಂಗಿನಲ್ಲಿ ಟೆರೇಸಿನ ಮೇಲೆ ಬಟ್ಟೆ ಒಣಗಿಸುವುದಕ್ಕೂ ಬಿಡುವುದಿಲ್ಲವಂತೆ. ರೇಡಿಯೋದ ಏರಿಯಲ್ ತಂತಿ ಎಲ್ಲಿಯ ಮಾತು?

ಅವತ್ತೇ ಕಾಕಾ ಸೀರೆ ತೆಗೆದರು. ಹೋಗುವ ಮುಂಚೆ ಒಂದು ಭಾನುವಾರ, ಒಂದೇ ಒಂದು ಭಾನುವಾರ, ತಮ್ಮ ಸೆಟ್ಟಿನಿಂದ ಗೆಳೆಯರ ಜೊತೆ ಮಾತಾಡಬೇಕು ಎಂದು ಅವರಿಗೆ ಆಸೆ ಬಂದುಬಿಟ್ಟಿತು. ಸ್ವಿಚ್ಚು ಒತ್ತಿದರೆ ವಾಲ್ವುಗಳೆಲ್ಲ ಕೆಂಡದ ಹಾಗೆ ಹೊತ್ತಿಕೊಂಡವು. ಮುಳ್ಳುಗಳು ಎದ್ದವು. ಆದರೆ ಪಕ್ಕದಲ್ಲಿದ್ದ ಕೇಳುವ ರೇಡಿಯೋದಲ್ಲಿ ಪುಣೆಯ ಗೆಳೆಯ ಹೇಳಿದ್ದು, "ಸಾವಂತ, ನಿನ್ನ ಅಲೆ ಜೋರಾಗಿ ಬರ್ತಾ ಇದೆ, ದನಿ ಮಾತ್ರ ಇಲ್ಲ. ಬಾವಿಯಲ್ಲಿ ಯಾರೋ ಗೊಣಗಿದ ಹಾಗಿದೆ."

ರೇಣು ಅಲ್ಲೇ ಇದ್ದಳು. ಆಗ ಅವಳು ಡಿಪ್ಲೊಮಾ ಓದುತ್ತಿದ್ದಳು, ಎರಡನೆಯ ವರ್ಷ. ಕಾಕಾನೇ ಪಾಠ ಹೇಳಿ ಅವಳಿಗೂ ಪರವಾನಗಿಯ ಪರೀಕ್ಷೆ ಕಟ್ಟಿಸಿದ್ದರು. ಪಾಸಾಗಿ ಕಾಗದವೂ ಬಂದಿತ್ತು. ಆದರೆ ಅವಳು ಒಮ್ಮೆಯೂ ಗಾಳಿಯಲ್ಲಿ ಮಾತಾಡಿರಲಿಲ್ಲ. ನಾಚಿಕೆ. ಮನೆಯಲ್ಲೇ ನನ್ನ ಜೊತೆ ಕನ್ನಡ ಆಡಲು ತಡವರಿಸಿ, ಅರ್ಧಕ್ಕೆ ಹಿಂದಿಗೆ ಹಾರುವ ಹುಡುಗಿ.

"ಏನಾಗ್ಯದ ಇದಕ್ಕ?" ಎಂದು ನಾನು ಕೇಳಿದೆ.

ಕಾಕಾ ಹೇಳಿದರು: "ಲೋಕಲ್ ಹೊತ್ತಿಗೆ ಸರಿಯಾಗಿ ಸ್ಟೇಷನ್ನಿಗೆ ಬರುತ್ತಿದೆ, ವಹಿನಿ. ಒಳಗೆ ಪ್ಯಾಸೆಂಜರ್ ಇಲ್ಲ. ದನಿ ಅಲೆಯ ಮೇಲೆ ಹತ್ತಿ ಕೂರಬೇಕು. ಅದಕ್ಕೇ ಮಾಡ್ಯುಲೇಷನ್ ಅನ್ನೋದು."

ಅವರ ಕೈ ನಡುಗುತ್ತಿತ್ತು, ಕಣ್ಣಿಗೆ ಪೊರೆ. ಬೆಸುಗೆಯ ಕೋಲು ಹಿಡಿಯುವಂತಿರಲಿಲ್ಲ. ರೇಣು, "ಮೈ ಕರತೀ ಹೂಂ ಕಾಕಾ" ಎಂದಳು. ಕಾಕಾ ಅವಳನ್ನು ದಿಟ್ಟಿಸಿ ನೋಡಿದರು. "ದನಿ ಬಂದರೆ ಸೆಟ್ಟು ನಿನ್ನದು, ಪೋರಿ. ಬರದಿದ್ದರೆ ಗುಜರಿಯವನಿಗೆ. ಮೂಕ ಪೆಟ್ಟಿಗೆ ಕೊಟ್ಟು ನಿಮ್ಮ ಹೊಸ ಖೋಲಿ ತುಂಬಿಸುವುದಿಲ್ಲ." ಮಗ ಆಗಲೇ ಗುಜರಿಯವನಿಗೆ ಹೇಳಿಟ್ಟಿದ್ದ. ಮಂಚ, ಕಪಾಟು, ಸೆಟ್ಟು, ಎಲ್ಲ ಒಟ್ಟಿಗೆ ಒಯ್ಯಲಿ ಎಂದು.

ಆ ಮಳೆಗಾಲ ಎಂಥದು! ಗ್ಯಾಲರಿಯ ತುಂಬ ಒಣಗದ ಬಟ್ಟೆ, ಕೆಳಗೆ ಮೊಣಕಾಲುದ್ದ ನೀರು, ಜೋಳದ ಹಿಟ್ಟು ಕೂಡ ಡಬ್ಬಿಯೊಳಗೇ ಹಸಿ ಹಸಿ. ರೇಣು ಕಾಲೇಜಿನಿಂದ ಬಂದವಳೇ ಒದ್ದೆ ಬ್ಯಾಗು ಎಸೆದು ಕಾಕಾನ ಖೋಲಿಗೆ. ಬೆಳಿಗ್ಗೆ ಹೋಗುವ ಮುಂಚೆಯೂ ಅಲ್ಲೇ. ಏರಿಯಲ್ ತಂತಿ ಬಿಡಿಸಿ ಆ ಜಾಗಕ್ಕೆ ಮನೆಯಲ್ಲಿ ಉರಿಸುವ ಒಂದು ಹಳೆಯ ಗಾಜಿನ ಬಲ್ಬು ಕಟ್ಟಿದ್ದರು. ಆಗ ಸೆಟ್ಟಿನ ಶಕ್ತಿ ಗಾಳಿಗೆ ಹೋಗುವುದಿಲ್ಲ, ಬಲ್ಬಿಗೇ ಹೋಗುತ್ತದೆ. ಮೈಕಿನಲ್ಲಿ ಮಾತಾಡಿದರೆ ಒಂದೊಂದು ಮಾತಿಗೂ ಬಲ್ಬು ಭಗ್ಗೆಂದು ಬೆಳಗಬೇಕು. ಅದೇ ಪರೀಕ್ಷೆ. ರೇಣು "ಹಲೋ, ಹಲೋ, ಏಕ್, ದೋನ್, ತೀನ್" ಎನ್ನುವಳು. ಬಲ್ಬು ನಿದ್ದೆಗಣ್ಣಿನ ಎಮ್ಮೆಯ ಹಾಗೆ ಮಂಕಾಗಿ ನೋಡುತ್ತಲೇ ಇರುವುದು.

ಅವಳು ಮೈಕು ಬದಲಿಸಿದಳು. ಒಣಗಿದ ಕೆಪಾಸಿಟರುಗಳನ್ನು ಕಿತ್ತು ಹೊಸವು ಹಾಕಿದಳು. ಒಂದು ದಿನ ರೇಡಿಯೋ ಸಾಮಾನು ಸಿಗುವ ಲ್ಯಾಮಿಂಗ್ಟನ್ ರಸ್ತೆಯಿಂದ ಯಾರದೋ ಹಳೆಯ ದಾಸ್ತಾನಿನ ವಾಲ್ವೊಂದನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ತಂದಳು. ಅದನ್ನು ಕೂಡಿಸಿ "ಹಲೋ" ಎಂದರೆ ಬಲ್ಬು ಭಗ್! ಕಾಕಾ ಚಪ್ಪಾಳೆ ತಟ್ಟಿದರು. ನಾನು ಡಬ್ಬಿಯಲ್ಲಿದ್ದ ಶೇಂಗಾ ಉಂಡಿಯನ್ನು ಇಡೀ ಮಾಳಿಗೆಗೆ ಹಂಚಿದೆ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಎಮ್ಮೆ. ನಾನು ರೇಣುವಿಗೂ ಇಡೀ ಮಾಳಿಗೆಗೂ ಆಯಿ, ಎಂದರೆ ಅಜ್ಜಿ. ಉಂಡಿ ತಿಂದವರು ಎರಡು ದಿನ ನನ್ನನ್ನು ಛೇಡಿಸಿದರು: "ಏನ್ರಿ ಆಯಿ, ಇವತ್ತು ದನಿ ಬಂತೋ, ಉಂಡಿ ಬಂತೋ?"

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಒಂದೇ ಖೋಲಿಯಲ್ಲಿ ಬದುಕುವವರಿಗೆ ಮಕ್ಕಳ ಓದು ಎಂದರೆ ದೇವರ ಪೂಜೆ. ರೇಣು ಪುಸ್ತಕ ತೆಗೆದರೆ ನಾವು ಪಾತ್ರೆಯ ಸದ್ದೂ ಮಾಡುತ್ತಿರಲಿಲ್ಲ. ಸೆಟ್ಟಿನ ಮುಂದೆ ಕೂತಾಗಲೂ ಹಾಗೇ. "ಆಯಿ, ಪಾಂಚ್ ಮಿನಿಟ್ ಬಡೀಬ್ಯಾಡ ನಾ, ಮೈಕಿನ್ಯಾಗ ಬರ್ತದ" ಎಂದು ಗೋಡೆಯಾಚೆಯಿಂದ ಕೂಗುವಳು. ನಾನು ಹಿಟ್ಟಿನ ಕೈ ಹಾಗೇ ಮಡಿಲಲ್ಲಿಟ್ಟು ಕೂರುವೆ. ಮಹಾದೇವಿ ಒಲೆ ಸಣ್ಣ ಮಾಡುವಳು. ಎದುರಿನ ಖೋಲಿಯ ಸುಮನ್ ಕೂಡ ನಳದ ಕೆಳಗೆ ಬಟ್ಟೆ ಹಾಸಿ, ಕೊಡ ಸದ್ದಿಲ್ಲದೆ ತುಂಬಿಸುವಳು. ಮಾಳಿಗೆಯೇ ಉಸಿರು ಹಿಡಿದು ಆ ಹುಡುಗಿಗಾಗಿ ಕಾಯುವುದು. ಇಷ್ಟು ಮೌನ ಮಾಡಿಕೊಟ್ಟರೂ ಆ ಬಲ್ಬಿಗೆ ಕರುಣೆ ಬರಲಿಲ್ಲ.

ಶ್ರಾವಣ ಮುಗಿಯುತ್ತ ಬಂತು. ಕಾಕಾ ಒಂದು ಸಂಜೆ ಸೆಟ್ಟಿನೊಳಗಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಮೇಲೆ ಕೈಯಿಟ್ಟು ಕೂತಿದ್ದರು. ದನಿಯನ್ನು ಅಲೆಗೆ ದಾಟಿಸುವುದು ಅದೇ. ಹೆಂಡತಿ ಒಂದೊಂದೇ ಸುತ್ತು ಎಣಿಸಿ ಹೇಳುತ್ತಿದ್ದಾಗ ಅವರು ಕೈಯಾರೆ ತಂತಿ ಸುತ್ತಿದ್ದಂತೆ. "ಇದೇ ಒಳಗೆ ಸುಟ್ಟಿರಬೇಕು, ವಹಿನಿ. ಇನ್ನೊಂದು ಎಲ್ಲೂ ಸಿಗುವುದಿಲ್ಲ. ಪೋರಿಗೆ ನಾನು ಹೇಳಿಲ್ಲ" ಎಂದರು. ಗೋಡೆಗೆ ಒರಗಿ ಕೂತಿದ್ದ ರೇಣು ಅದನ್ನು ಕೇಳಿಸಿಕೊಂಡಳು. ಅವತ್ತು ಊಟದಲ್ಲಿ ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ.

ಆಮೇಲೆ ಬಂತು ಗಣಪತಿಗೆ ಮುಂಚಿನ ಬೆನಕನ ಅಮಾವಾಸ್ಯೆ. ವಡಾಲದ ಕಡೆ ಕೆಲಸಕ್ಕಿದ್ದ ನಮ್ಮೂರ ಗೌಂಡಿಗಳು ಅವತ್ತು ಒಟ್ಟಿಗೆ ಊಟ ಮಾಡುವ ಯೋಜನೆ ಹಾಕಿ, ಬುಟ್ಟಿಗಟ್ಟಲೆ ರೊಟ್ಟಿ ಹೇಳಿದ್ದರು. ನಸುಕಿನಿಂದಲೇ ಹಿಟ್ಟು ನಾದಿ ಕೂತಿದ್ದೆವು. ಅರ್ಧ ಆಗಿತ್ತು, ಗೋಡೆಯಾಚೆಯಿಂದ ರೇಣುವಿನ ಕೂಗು: "ಆಯಿ, ಥೋಡಾ ಬಂದ್ ಮಾಡ ನಾ!"

ನನ್ನ ಕೈ ನಿಂತಿತು. ಮಹಾದೇವಿಗೆ ಸಿಟ್ಟು ನೆತ್ತಿಗೇರಿತು. "ಬಡೀರಿ ಅತ್ತಿ! ಇಕಿ ರೇಡಿಯೋ ಸಲುವಾಗಿ ಹಬ್ಬದ ದಿನ ಮಂದಿ ಉಪಾಸ ಕುಂದರಬೇಕೇನು? ಏ ರೇಣಾ, ಇವತ್ತ ನಿಂದು ನಡಿಯಂಗಿಲ್ಲ! ನಿನ್ನ ಬಲ್ಬಿಗೆ ಹೇಳ, ನಾವು ದುಡಿಯೋ ಮಂದಿ ಅಂತ!"

ನಾವಿಬ್ಬರೂ ಬಡಿಯತೊಡಗಿದೆವು. ಎರಡು ಹಲಗೆ, ನಾಲ್ಕು ಕೈ. ಕಟ್ಟಿಗೆಯ ನೆಲ ದಡದಡ ಎನ್ನುತ್ತಿತ್ತು. ರೇಣು ಮುನಿಸಿನಲ್ಲಿಯೇ ಮೈಕು ಹಿಡಿದು ಎಣಿಸುವುದು ಕೇಳುತ್ತಿತ್ತು. ಒಮ್ಮೆಲೇ ಅವಳ ದನಿ ನಿಂತಿತು. ಆಮೇಲೆ ಕಾಕಾನ ಸ್ಟೂಲು ಬಿದ್ದ ಸದ್ದು. ಆಮೇಲೆ ನಮ್ಮ ಬಾಗಿಲಲ್ಲಿ ರೇಣು, ಕೂದಲು ಕೆದರಿ, ಕಣ್ಣು ಅಗಲಿಸಿ.

"ಆಯಿ! ಬಡಿ! ಔರ್ ಬಡಿ!"

"ಈಗ ಬ್ಯಾಡಂದಿ, ಈಗ ಬಡಿ ಅಂತಿ. ಹುಚ್ಚ ಹಿಡೀತೇನ ನಿನಗ?"

"ಬಲ್ಬ್ ಜಲ್ ರಹಾ ಹೈ ಆಯಿ! ನೀ ಬಡದಾಗ ಜಲ್ತದ!"

ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಮಹಾದೇವಿ ಒಬ್ಬಳೇ ಎರಡು ಕೈಯಿಂದ ಬಡಿಯುತ್ತಿದ್ದಳು. ರೇಣು ಮೈಕಿನಲ್ಲಿ ಮಾತಾಡಿದಳು. ಮೊದಲು ಅವಳು ರೊಟ್ಟಿಯ ಸದ್ದೇ ಮೈಕಿಗೆ ಬಿದ್ದು ಬಲ್ಬು ಮಿಣುಕಿತು ಎಂದುಕೊಂಡಿದ್ದಳಂತೆ. ಆದರೆ ಹಾಗಲ್ಲ. ಒಂದು ಬಡಿತಕ್ಕೆ ಬಲ್ಬು ಎಚ್ಚರಗೊಂಡರೆ, ಆಮೇಲೆ ರೇಣುವಿನ ಇಡೀ ಮಾತಿಗೂ ಅದು ಏರಿ ಇಳಿದು, ಏರಿ ಇಳಿದು ಬೆಳಗುವುದು. ಇನ್ನೊಂದು ಬಡಿತಕ್ಕೆ ಮತ್ತೆ ಮಂಕು. ಕಾಕಾ ಬಿದ್ದ ಸ್ಟೂಲನ್ನೂ ಎತ್ತದೆ ನಿಂತಿದ್ದರು. "ಟ್ರಾನ್ಸ್‌ಫಾರ್ಮರ್ ಜೀವಂತ ಇದೆ, ಪೋರಿ," ಎಂದರು, "ಸುಟ್ಟಿದ್ದರೆ ಒಮ್ಮೆಯೂ ಹೀಗೆ ಉರಿಯುತ್ತಿರಲಿಲ್ಲ. ಎಲ್ಲೋ ಒಂದು ತಂತಿ ಸಡಿಲ. ನೆಲ ನಡುಗಿದರೆ ಮುಟ್ಟುತ್ತದೆ, ಬಿಡುತ್ತದೆ."

ನನಗೆ ನಗಬೇಕೋ ಅಳಬೇಕೋ. ಇಷ್ಟು ದಿನ ನಾವು ಪ್ರೀತಿಯಿಂದ ಮಾಡಿಕೊಟ್ಟ ಮೌನದಲ್ಲಿ ಆ ರೋಗ ಆರಾಮಾಗಿ ಅಡಗಿ ಕೂತಿತ್ತಲ್ಲ! ನಾವು ಒಂದೇ ಒಂದು ದಿನ ಮಾತು ಕೇಳದೆ ಹೋಗಿದ್ದರೆ ಎಂದೋ ಸಿಕ್ಕಿಬೀಳುತ್ತಿತ್ತು.

ಮುಂದಿನದನ್ನು ರೇಣು ಮಾಡಿದಳು. ಕಾಕಾ ಅವಳ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದರು. ಆ ಪೆಟ್ಟಿಗೆಯೊಳಗಿನ ಕರೆಂಟು ಮನುಷ್ಯನನ್ನು ಒಂದೇ ಏಟಿಗೆ ಒಯ್ಯುವಂಥದು. ಎರಡನೆಯ ಕೈಗೆ ಅಲ್ಲಿ ಕೆಲಸವಿಲ್ಲ. ಅಂಬಲಿ ತಿರುವುವ ನನ್ನ ಕಟ್ಟಿಗೆಯ ಹುಟ್ಟಿನ ಒಣ ಹಿಡಿಯಿಂದ ಅವಳು ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತ ಹೋದಳು. ಕಾಕಾ ಮೈಕಿನಲ್ಲಿ ಒಂದೇ ಸಮನೆ ಮಾತಾಡುತ್ತಿದ್ದರು. ದೊಡ್ಡ ವಾಲ್ವುಗಳ ಜೋಡಿಯಲ್ಲಿ ಎರಡನೆಯದರ ಬುಡಕ್ಕೆ ಹುಟ್ಟು ತಾಕಿದ್ದೇ ಬಲ್ಬು ಭಗ್ ಎಂದಿತು. ಇನ್ನೊಮ್ಮೆ ತಟ್ಟಿದರೆ ಆರಿತು. ಮತ್ತೆ ತಟ್ಟಿದರೆ ಭಗ್.

ಸೆಟ್ಟು ಆರಿಸಿ, ಒಳಗೆ ಉಳಿದ ಕರೆಂಟನ್ನು ಇಳಿಸಿ, ಮಗುಚಿ ನೋಡಿದರು. ವಾಲ್ವಿನ ಕಾಲಿಗೆ ದನಿ ತರುವ ತಂತಿಯ ಬೆಸುಗೆ ಮೇಲೆ ನೋಡಲು ಗಟ್ಟಿ, ಒಳಗೆ ಬಿಟ್ಟುಕೊಂಡಿತ್ತು. ರೇಣು ನನಗೆ ತಿಳಿಸಿ ಹೇಳಿದಳು. ಆ ಎರಡು ವಾಲ್ವು ಬೀಸುಕಲ್ಲಿಗೆ ಎದುರುಬದುರು ಕೂತ ಇಬ್ಬರು ಹೆಂಗಸರಿದ್ದ ಹಾಗೆ. ಒಬ್ಬಳು ನೂಕಬೇಕು, ಒಬ್ಬಳು ಎಳೆಯಬೇಕು. ಒಬ್ಬಳು ಗೂಟಕ್ಕೆ ಕೈಯನ್ನೇ ಹಚ್ಚದೆ ಮುಖ ಮಾತ್ರ ಕೆಂಪಗೆ ಮಾಡಿಕೊಂಡು ಕೂತಿದ್ದಳು. ಹೊಸ ವಾಲ್ವು ಹಾಕಿದ ದಿನ ಬುಡ ಅಲುಗಾಡಿ ತಂತಿ ಒಂದು ಸಂಜೆಗೆ ಮುಟ್ಟಿತ್ತು, ಅಷ್ಟೇ.

ರೇಣು ಹಳೆಯ ಬೆಸುಗೆ ಕೆರೆದು ಹೊಸದು ಹಾಕಿದಳು. ಆ ರಾಳದ ಹೊಗೆ ಸುತ್ತಿ ಸುತ್ತಿ ಕಾಕಾನ ಖೋಲಿ ತುಂಬಿ, ಗ್ಯಾಲರಿಗೆ ಬಂದು, ನನ್ನ ರೊಟ್ಟಿಯ ಹೊಗೆಯ ಜೊತೆ ಕೂಡಿ ಮಳೆಯೊಳಗೆ ಹೋಯಿತು. ಗೌಂಡಿಗಳ ರೊಟ್ಟಿ ತಡವಾಯಿತು. ಬೈದರು. ಬೈಯಲಿ!

ಗಣಪತಿ ಬಂದು ಹೋದ. ಕೊನೆಯ ಭಾನುವಾರ ಬಂತು. ಮರುದಿನ ಕಾಕಾ ಹೊರಡುವುದು, ಗುಜರಿಯವನು ಬರುವುದು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಾಕಾ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ ಸ್ಟೂಲಿನ ಮೇಲೆ ಕೂತರು. ಬಲ್ಬು ಬಿಚ್ಚಿ ಏರಿಯಲ್ ತಂತಿ ಕಟ್ಟಿಯಾಗಿತ್ತು. ಕೇಳುವ ರೇಡಿಯೋದಲ್ಲಿ ಪುಣೆಯ ಗೆಳೆಯ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕಾಕಾನ ಹೆಸರು ಅದರಲ್ಲಿ ಇರಲಿಲ್ಲ. ಕರೆ ಮುಗಿದ ಮೇಲೆ ಕಾಕಾ ಗುಂಡಿ ಒತ್ತಿ ಸರಕಾರ ಕೊಟ್ಟ ಅಕ್ಷರ-ಅಂಕಿಗಳ ತಮ್ಮ ಪರವಾನಗಿಯ ಹೆಸರು ಹೇಳಿದರು, ಮೆಲ್ಲಗೆ, ದೇವರ ಮುಂದೆ ಹೇಳಿದ ಹಾಗೆ. ಗುಂಡಿ ಬಿಟ್ಟರು.

ರೇಡಿಯೋದಲ್ಲಿ ಬರೀ ಜೀರುಂಡೆಯಂಥ ಸದ್ದು. ರೇಣು ನನ್ನ ಮುಂಗೈ ಹಿಡಿದಿದ್ದಳು. ಬಳೆ ಚುಚ್ಚುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಆ ದನಿ ಬಂತು ನೋಡಿ. "ಸಾವಂತ! ಅರೇ ಕಳ್ಳಾ, ನಿನ್ನ ದನಿ ಪೂರ್ತಿ ಬಂತಲ್ಲೋ! ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ! ನೀನು ಸತ್ತೇ ಹೋದೆ ಅಂತ ಮೊನ್ನೆ ನಾವೆಲ್ಲ ಮೌನ ಆಚರಿಸುವ ಮಾತಾಡ್ತಿದ್ದೆವು!"

ಕಾಕಾ ಗುಂಡಿ ಒತ್ತಿದರು. "ನನ್ನ ಮೌನಕ್ಕೆ ಇನ್ನೂ ಸ್ವಲ್ಪ ತಡೀರಿ. ಮೊದಲು ನಿಮ್ಮದೆಲ್ಲ ಮುಗೀಲಿ" ಎಂದರು. ಆಮೇಲೆ ಅವರಿಗೆ ಮಾತು ನಿಲ್ಲಲೇ ಇಲ್ಲ. ಹೆಂಡತಿ ಹೋದದ್ದು ಹೇಳಿದರು. ಯಾರಿಗೂ ಹೇಳಿರಲಿಲ್ಲವಂತೆ. ಗೆಳೆಯರು ಒಬ್ಬೊಬ್ಬರಾಗಿ ಕಾಕಿಯ ಕೈಯ ಅವಲಕ್ಕಿ ನೆನೆಸಿದರು, ಹಿಂದಿನಿಂದ ಆಕೆ ಕಾಕಾನನ್ನು ಬೈಯುವುದು ಗಾಳಿಯಲ್ಲಿ ಊರೂರಿಗೆ ಕೇಳುತ್ತಿದ್ದುದನ್ನು ನೆನೆಸಿದರು. ಕಾಕಾ ಅಳುತ್ತ ನಗುತ್ತಿದ್ದರು. ಮೀಟರಿನ ಮುಳ್ಳು ಅವರ ಜೊತೆಗೇ ಕುಣಿಯುತ್ತಿತ್ತು.

ಕಡೆಗೆ ಗದಗದ ಗೆಳೆಯ ಕೇಳಿದ, ಸೆಟ್ಟು ರಿಪೇರಿ ಮಾಡಿದವರು ಯಾರು ಎಂದು. "ನಿಮ್ಮ ಕನ್ನಡದ ಹುಡುಗಿ" ಎಂದರು ಕಾಕಾ. "ಹೌದಾ? ಹಂಗಾದ್ರ ಆಕಿನ್ನ ಕರೀರಿ!"

ಕಾಕಾ ಎದ್ದು, ಸ್ಟೂಲನ್ನು ರೇಣುವಿನ ಕಡೆ ಸರಿಸಿ, ತಾವು ಬಂದ ನೆಂಟರ ಹಾಗೆ ಮಂಚದ ಅಂಚಿಗೆ ಕೂತರು. ರೇಣು ನನ್ನ ಮುಖ ನೋಡಿದಳು. "ಆಯಿ, ಮೇರಾ ಕನ್ನಡ..."

"ನನ್ನ ಕೂಡ ಹೆಂಗ ಜಗಳ ಆಡ್ತಿ? ಹಂಗ ಆಡ" ಎಂದೆ.

ಕೂತಳು. ಗುಂಡಿ ಒತ್ತಿದಳು. ತನ್ನ ಪರವಾನಗಿಯ ಹೆಸರನ್ನು, ಎಲ್ಲಿಯೂ ಆಡದ ಹೆಸರನ್ನು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಆಮೇಲೆ, "ನಮಸ್ಕಾರ್ರಿ. ನಾ ರೇಣುಕಾ ರೀ, ಪರೇಲಿಂದ. ನಿಮ್ಮ ದನಿ ಚಲೋ ಕೇಳಾಕತ್ತದ ರೀ" ಎಂದಳು. ಅದು ನನ್ನ ಬಾಯಿಯ ಕನ್ನಡ, ನನ್ನವ್ವನ ಬಾಯಿಯ ಕನ್ನಡ. ಸಹ್ಯಾದ್ರಿ ಹಾರಿ ಗದಗಕ್ಕೆ ಹೋಯಿತು. ಅಲ್ಲಿಂದ ಅವರು ಏನೋ ಕೇಳಿದರು, ಇವಳು ಹೇಳಿದಳು. ತಡವರಿಸಿದಳು, ತಡವರಿಸಿ ಮತ್ತೆ ಕನ್ನಡವನ್ನೇ ಹಿಡಿದಳು.

ಕಾಕಾ ನನ್ನ ಕಡೆ ಬಾಗಿದರು. "ವಹಿನಿ, ಪೋರಿ ಏನು ಹೇಳಿದಳು?"

ಅವರ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ: "ಮುಂದಿನ ಐತಾರ ವಡಾಲದಿಂದ ಮಾತಾಡ್ತೀನಿ ಅಂದಳ್ರಿ."

ಕಾಕಾ ಅಂಗಿಯ ಜೇಬಿನಿಂದ ಫೋನು ತೆಗೆದು ಪವಾಯಿಯ ಮಗನಿಗೆ ಹಚ್ಚಿದರು. "ಗುಜರಿಯವನಿಗೆ ಕಪಾಟು ಕೊಡು, ಈ ಮಂಚ ಕೊಡು, ಬೇಕಾದರೆ ನನ್ನನ್ನೂ ತೂಗಿ ಕೊಡು" ಎಂದರು. "ಸೆಟ್ಟಿಗೆ ಮಾತ್ರ ಮುಂದಿನ ಭಾನುವಾರ ಕೆಲಸ ಇದೆ."